ಐದು ಪೈಲ್ವಾನ್ ತೋಳಗಳಿದ್ದರೂ ಬೇಟೆ ಯಾಕೆ ಸಿಗೋದಿಲ್ಲ?

ಕಂಪ್ಯೂಟರಿನಲ್ಲಿ ತೋಳದ ಹಿಂಡು ನಡೆಸುವ ಆಟ ಶುರುಮಾಡಿದ ಮೊದಲ ವಾರ ನಾನು ಕಟ್ಟಿದ ಬೇಟೆ ತಂಡ ನೋಡೋಕೆ ಭಯಂಕರವಾಗಿತ್ತು. ಹಿಂಡಿನ ತೋಳಗಳನ್ನೆಲ್ಲ ಬಲದ ಅಂಕಿಯ ಪ್ರಕಾರ ಸಾಲಾಗಿ ಜೋಡಿಸಿಕೊಂಡು, ಮೇಲಿನ ಐದನ್ನು ಎತ್ತಿ ಕಳಿಸಿದೆ. ಒಂದಕ್ಕಿಂತ ಒಂದು ಪೈಲ್ವಾನ್. ಆದರೂ ದಿನವೂ ಖಾಲಿ ಬಾಯಲ್ಲಿ ವಾಪಸ್. ಅದೃಷ್ಟ ಚೆನ್ನಾಗಿದ್ದ ದಿನ ಒಂದು ಮೊಲ ಸಿಗುತ್ತಿತ್ತು. ಅಷ್ಟು ದೊಡ್ಡ ಹಿಂಡಿಗೆ ಒಂದು ಮೊಲ ಅಂದರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ತಪ್ಪು ನನ್ನದೇ. ಬೇಟೆ ಅಂದರೆ ಒಂದು ಕೆಲಸ ಅಂದುಕೊಂಡಿದ್ದೆ. ಅದು ಒಂದರ ಹಿಂದೆ ಒಂದು ಬರುವ ಹಲವು ಕೆಲಸಗಳ ಸರಪಳಿ. ನಡುವೆ ಒಂದು ಕೊಂಡಿ ಕಳಚಿದರೂ ಅವತ್ತು ಉಪವಾಸ.

ಇದು ಆಟ ಮಾಡಿದವರು ಸುಮ್ನೆ ಕಟ್ಟಿದ ಲೆಕ್ಕ ಅಲ್ಲ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿಬಿಟ್ಟಿದ್ದರು. 1995ರಲ್ಲಿ ಕೆನಡಾದಿಂದ 14 ತೋಳ, ಮರುವರ್ಷ ಇನ್ನೂ 17 ತಂದು ಬಿಟ್ಟರು. ಆ ಉದ್ಯಾನದ ಉತ್ತರದ ಕಣಿವೆಗಳು ಬಯಲು ಬಯಲಾಗಿವೆ. ಗುಡ್ಡದ ಮೇಲೆ ದುರ್ಬೀನು ಹಿಡಿದು ಕೂತರೆ ಬೇಟೆ ಶುರುವಿನಿಂದ ಕೊನೆಯವರೆಗೂ ಕಾಣುತ್ತದೆ. ಹಾಗೆ ವರ್ಷಗಟ್ಟಲೆ ನೋಡಿದ ಸಂಶೋಧಕರು ತೋಳದ ಬೇಟೆಯನ್ನು ಆರು ಹಂತವಾಗಿ ಬಿಡಿಸಿಟ್ಟಿದ್ದಾರೆ. ಮೊದಲು ಹುಡುಕುವುದು. ಕಂಡ ಮೇಲೆ ಹತ್ತಿರ ಹೋಗುವುದು. ನಿಂತು ಗಮನಿಸುವುದು. ಗುಂಪಿನ ಮೇಲೆ ನುಗ್ಗಿ ಚದುರಿಸುವುದು. ಒಂದನ್ನೇ ಆರಿಸಿ ಅದರ ಬೆನ್ನು ಹತ್ತುವುದು. ಕೊನೆಗೆ ಹಿಡಿದು ಕೆಡವುವುದು. ಬಲ ನಿಜಕ್ಕೂ ಕೆಲಸಕ್ಕೆ ಬರುವುದು ಈ ಆರನೆಯ ಹಂತದಲ್ಲಿ. ನನ್ನ ಪೈಲ್ವಾನರು ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ!

ಈ ಥರದ ಆಟಗಳಲ್ಲಿ ಎರಡು ಬಗೆ. ಒಂದರಲ್ಲಿ ನೀವೇ ತೋಳ. ಓಡಬೇಕು, ವಾಸನೆ ಹಿಡಿಯಬೇಕು, ಕಚ್ಚಬೇಕು. ಅಮೆರಿಕದ ಮಿನೆಸೋಟಾ ಮೃಗಾಲಯ ಮತ್ತು ಎಜುವೆಬ್ ಅನ್ನುವ ಕಂಪನಿ ಸೇರಿ 2007ರಲ್ಲಿ ತಂದ ವುಲ್ಫ್‌ಕ್ವೆಸ್ಟ್ ಈ ಜಾತಿಯದು, ಅದು ನಡೆಯುವುದೂ ಯೆಲ್ಲೊಸ್ಟೋನ್‌ನಲ್ಲೇ. ಇನ್ನೊಂದು ಬಗೆಯಲ್ಲಿ ನೀವು ಹಿಂಡಿನ ಮ್ಯಾನೇಜರ್. ಪಟ್ಟಿ ನೋಡಿ ಯಾವ ತೋಳಕ್ಕೆ ಯಾವ ಕೆಲಸ ಅಂತ ಹಚ್ಚಬೇಕು, ಮಿಕ್ಕಿದ್ದನ್ನು ಆಟವೇ ಲೆಕ್ಕ ಹಾಕುತ್ತದೆ. ಬ್ರೌಸರ್‌ನಲ್ಲೇ ಆಡುವ, 2020ರಲ್ಲಿ ಶುರುವಾದ ವುಲ್ವ್‌ಡೆನ್ ಇಂಥದ್ದು. ಅದರಲ್ಲಿ ಬೇಟೆ ತಂಡದ ಹುದ್ದೆಗಳು ಮೂರು. ಸ್ಟಾಕರ್ ಹೊಂಚು ಹಾಕಿ ಹತ್ತಿರ ಹೋಗುತ್ತದೆ, ಚೇಸರ್ ಅಟ್ಟಿಸಿಕೊಂಡು ಹೋಗುತ್ತದೆ, ಫಿನಿಶರ್ ಮುಗಿಸುತ್ತದೆ. ಆರು ಹಂತಗಳನ್ನೇ ಮೂರಕ್ಕೆ ಮಡಿಚಿದ್ದಾರೆ ಅಂದುಕೊಳ್ಳಿ. ಎರಡು ಬಗೆಯಲ್ಲೂ ತಂಡ ಕಟ್ಟುವ ತರ್ಕ ಒಂದೇ.

ಕೂಡಿಸೋದಲ್ಲ, ಗುಣಿಸೋದು

ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆದ ಹಾಗೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಒಂದು ತಂಡದ ಹೊಂಚು ನೂರಕ್ಕೆ 80 ಸಲ ಸರಿಹೋಗುತ್ತದೆ ಅಂತಿಟ್ಟುಕೊಳ್ಳಿ. ಓಟವೂ 80, ಹಿಡಿತವೂ 80. ಈ ಅಂಕಿಗಳು ಲೆಕ್ಕ ತೋರಿಸೋಕೆ ನಾನು ಇಟ್ಟುಕೊಂಡವು, ಯಾವ ಆಟದ ಒಳಗಿನ ಸೂತ್ರವೂ ಅಲ್ಲ. ಊಟ ಸಿಗಬೇಕಾದರೆ ಮೂರೂ ಹಂತ ದಾಟಬೇಕು ಅಲ್ವಾ? ಹಾಗಾಗಿ ಮೂರನ್ನೂ ಗುಣಿಸಬೇಕು. 0.8 ಗುಣಿಸು 0.8 ಗುಣಿಸು 0.8, ಅಂದರೆ 0.51. ನೂರಕ್ಕೆ 51 ಬೇಟೆ ಗೆದ್ದಂತೆ.

ಈಗ ಇನ್ನೊಂದು ತಂಡ. ಓಟ 95, ಹಿಡಿತ 95, ಹೊಂಚು ಮಾತ್ರ 50. ಮೂರನ್ನೂ ಕೂಡಿಸಿದರೆ ಎರಡು ತಂಡಕ್ಕೂ 240. ತಂಡದ ಪುಟದ ಮೇಲೆ ಒಟ್ಟು ಅಂಕ ಮಾತ್ರ ಕಂಡರೆ ಎರಡೂ ಸಮ ಅನ್ನಿಸುತ್ತದೆ. ಗುಣಿಸಿ ನೋಡಿದರೆ ಎರಡನೆಯದು 45ಕ್ಕೆ ಇಳಿಯುತ್ತದೆ. ಓಟ 100, ಹಿಡಿತ 100, ಹೊಂಚು 40 ಇರುವ ತಂಡವಾದರೆ ಬರೀ 40. ಒಟ್ಟು ಅದಕ್ಕೂ 240ನೇ!

ತರಬೇತಿ ಎಲ್ಲಿ ಕೊಡಬೇಕು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. 95, 95, 50ರ ತಂಡದಲ್ಲಿ ಓಟವನ್ನು 95ರಿಂದ 100ಕ್ಕೆ ಏರಿಸಿದರೆ ಗೆಲುವು 45ರಿಂದ ಸುಮಾರು 47ಕ್ಕೆ ಹೋಗುತ್ತದೆ. ಅದೇ ಐದು ಅಂಕವನ್ನು ಹೊಂಚಿಗೆ ಕೊಟ್ಟು 55 ಮಾಡಿದರೆ ಹೆಚ್ಚುಕಡಿಮೆ 50 ಮುಟ್ಟುತ್ತದೆ. ನಮಗೆ ಮಾತ್ರ ಚೆನ್ನಾಗಿರುವ ತೋಳವನ್ನೇ ಇನ್ನೂ ಚೆನ್ನಾಗಿ ಮಾಡುವ ಚಪಲ. ಮೆರೆಯುವ ತೋಳ ಮುದ್ದಾಗಿ ಕಾಣುತ್ತದೆ, ಪೇಲವ ತೋಳದ ಪುಟ ತೆರೆಯೋಕೂ ಬೇಜಾರು.

ಹಾಗಾಗಿ ಪಟ್ಟಿಯನ್ನು ಒಂದೇ ಅಂಕಿಯ ಮೇಲೆ ಜೋಡಿಸುವುದನ್ನು ಬಿಡಿ. ವುಲ್ವ್‌ಡೆನ್‌ನಲ್ಲಿ ಪ್ರತಿ ತೋಳಕ್ಕೂ ಬಲ, ವೇಗ, ಚುರುಕು, ವಿವೇಕ, ಬುದ್ಧಿ ಅಂತ ಐದು ಗುಣ ಇವೆ. ನೀವು ಆಡುವ ಆಟದ ಸಹಾಯ ಪುಟದಲ್ಲಿ ಯಾವ ಹುದ್ದೆಗೆ ಯಾವ ಗುಣ ಲೆಕ್ಕಕ್ಕೆ ಬರುತ್ತದೆ ಅಂತ ನೋಡಿ, ಹುದ್ದೆಗೊಂದು ಪಟ್ಟಿ ಮಾಡಿ. ಒಂದೇ ತೋಳ ಎರಡು ಪಟ್ಟಿಯ ತುದಿಯಲ್ಲಿ ಬಂದರೆ, ಅದನ್ನು ಎಲ್ಲಿ ಕೊರತೆ ಇದೆಯೋ ಅಲ್ಲಿಗೆ ಹಾಕಿ. ಅದು ಎಲ್ಲಿ ಚೆನ್ನಾಗಿ ಮಿಂಚುತ್ತದೆ ಅನ್ನುವುದು ಆಮೇಲಿನ ಮಾತು.

ದೊಡ್ಡ ಮೈ, ಹರೆಯದ ಕಾಲು

ನಿಜವಾದ ತೋಳಗಳಲ್ಲೂ ಇದೇ ಕಥೆ. ಯೆಲ್ಲೊಸ್ಟೋನ್‌ನ ಅಧ್ಯಯನಗಳಲ್ಲಿ ಕಂಡಿದ್ದು ಏನೆಂದರೆ, ತೋಳದ ತೂಕ ಒಂದು ಮಟ್ಟ ದಾಟಿದ ಮೇಲೆ ಹೆಚ್ಚಿನ ಮೈಯಿಂದ ಲಾಭ ಆಗುವುದು ಹಿಡಿದು ಸೆಣಸುವಾಗ ಮಾತ್ರ. ಅಟ್ಟಿಸಿಕೊಂಡು ಹೋಗುವಾಗ ಆ ತೂಕದಿಂದ ಏನೂ ಸಿಗುವುದಿಲ್ಲ. ಎಲ್ಕ್ ಅನ್ನುವ ದೊಡ್ಡ ಜಿಂಕೆ ಇನ್ನೂರು ಕಿಲೋಗೂ ಮೀರಿ ತೂಗುತ್ತದೆ. ಅದರ ಗಂಟಲಿಗೆ ಜೋತುಬೀಳೋಕೆ ಭಾರದ ತೋಳ ಬೇಕೇ ಬೇಕು. ಆದರೆ ಗಟ್ಟಿಮುಟ್ಟಾದ ಎಲ್ಕ್ ತೋಳಕ್ಕಿಂತ ಜೋರಾಗಿ ಓಡುತ್ತದೆ. ಅದನ್ನು ಮೊದಲು ಯಾರಾದರೂ ಮುಟ್ಟಬೇಕಲ್ಲ?

ವಯಸ್ಸಿನದೂ ಹೀಗೇ. ತೋಳದ ಬೇಟೆ ಕಸುಬು ಎರಡು ಮೂರು ವರ್ಷದ ಪ್ರಾಯದಲ್ಲಿ ಏರುಮಟ್ಟದಲ್ಲಿ ಇರುತ್ತದೆ, ಆಮೇಲೆ ಇಳಿಮುಖ. ತೋಳಕ್ಕೆ ವಯಸ್ಸಾಗುವ ಆಟವಾದರೆ ಇದನ್ನು ಮರೆಯಬೇಡಿ. ಎಷ್ಟೋ ಜನ ಮೊದಲ ದಿನದಿಂದ ಇದ್ದ ತೋಳವನ್ನು ಪ್ರೀತಿಗೆ ತಂಡದಲ್ಲೇ ಉಳಿಸಿಕೊಳ್ಳುತ್ತಾರೆ. ಒಂದು ದಿನ ಅದು ಸತ್ತುಹೋಗುತ್ತದೆ, ಆ ಹುದ್ದೆಗೆ ತಯಾರಾದವರು ಯಾರೂ ಇರುವುದಿಲ್ಲ. ಪ್ರತಿ ಹುದ್ದೆಗೂ ಒಂದು ಎಳೆ ತೋಳ ಪಕ್ಕದಲ್ಲೇ ಕಲಿಯುತ್ತಿರಲಿ.

ಹಾಗಂತ ಮುದಿ ತೋಳ ದಂಡ ಅಲ್ಲ. ಹಿಂಡು ಹಿಂಡುಗಳ ನಡುವಿನ ಜಗಳದಲ್ಲಿ ವಯಸ್ಸಾದ ತೋಳ ಇರುವ ಹಿಂಡೇ ಗೆಲ್ಲುವ ಸಂಭವ ಜಾಸ್ತಿ ಅಂತ ಅದೇ ಉದ್ಯಾನದಲ್ಲಿ ಕಂಡುಕೊಂಡಿದ್ದಾರೆ. ಓಟದಿಂದ ಬಿಡುಗಡೆ ಕೊಟ್ಟು ಮರಿಗಳ ಹತ್ತಿರ ಬಿಡಿ.

ಇನ್ನು ‘ಆಲ್ಫಾ’, ಅಂದರೆ ಹಿಂಡಿನ ಯಜಮಾನ ತೋಳ, ಬೇಟೆಯ ಮುಂದೆ ಇರಲೇಬೇಕು ಅನ್ನುವ ನಂಬಿಕೆ. ಈ ಯಜಮಾನಿಕೆಯ ಕಲ್ಪನೆಗೆ ಮೂಲವಾಗಿ 1947ರಲ್ಲಿ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದದ್ದು ಸೆರೆಯಲ್ಲಿದ್ದ ತೋಳಗಳ ಬಗ್ಗೆ. ಕಾಡಿನ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಅವರ ಮಕ್ಕಳ ಒಂದು ಸಂಸಾರ ಅಂತ ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲೇ ಬಿಡಿಸಿ ಹೇಳಿದ್ದಾರೆ. ಆಟದಲ್ಲಿ ಕಿರೀಟದ ಗುರುತು ಇದೆ ಅಂತ ಅದನ್ನು ಪ್ರತಿ ಬೇಟೆಗೂ ಎಳೆದುಕೊಂಡು ಹೋಗಬೇಕಿಲ್ಲ.

ಎಷ್ಟು ತೋಳ ಸಾಕು?

ಎಲ್ಲರ ಮೊದಲ ಉತ್ತರ, ಎಷ್ಟಿದ್ದರೂ ಒಳ್ಳೆಯದು. ನಾನೂ ಹಾಗೇ ಅಂದುಕೊಂಡಿದ್ದೆ.

ಯೆಲ್ಲೊಸ್ಟೋನ್ ತೋಳಗಳು ಎಲ್ಕ್ ಹಿಡಿಯುವುದನ್ನು ಎಣಿಸಿದಾಗ, ಎರಡರಿಂದ ಆರು ತೋಳ ಆಗುವಷ್ಟರಲ್ಲಿ ಗೆಲುವಿನ ಏರಿಕೆ ನಿಂತುಹೋಗುವುದು ಕಂಡುಬಂತು. ಸರಿಸುಮಾರು ನಾಲ್ಕು ಅನ್ನಿ. ಅದಕ್ಕಿಂತ ಜಾಸ್ತಿ ತೋಳ ಸೇರಿದರೂ ಎಲ್ಕ್ ಜಾಸ್ತಿ ಸಿಗಲಿಲ್ಲ. ಯಾಕೆ? ಎಲ್ಕ್ ಒದೆಗೆ ಪಕ್ಕೆಲುಬು ಮುರಿಯುತ್ತದೆ. ಮುಂದೆ ಹೋಗೋಕೆ ನಾಲ್ವರು ಇದ್ದಾರೆ ಅಂತ ಗೊತ್ತಿರುವಾಗ ಐದನೆಯದು ಯಾಕೆ ಪ್ರಾಣ ಪಣಕ್ಕಿಡುತ್ತದೆ? ಹಿಂದೆ ಹಿಂದೆ ಓಡಿದಂತೆ ಮಾಡಿ ಊಟಕ್ಕೆ ಸರಿಯಾಗಿ ಹಾಜರಾಗುತ್ತದೆ. ನಾಲ್ಕು ಜನ ಆನ್‌ಲೈನ್‌ನಲ್ಲಿ ಸೇರಿ ಆಡಿದವರಿಗೆ ಇಂಥ ಆಟಗಾರನ ಪರಿಚಯ ಇದ್ದೇ ಇರುತ್ತದೆ.

ಆದರೆ ಬೈಸನ್ ವಿಷಯ ಬೇರೆ. ಆ ದೈತ್ಯ ಕಾಡೆಮ್ಮೆ ಬೇಟೆಯಲ್ಲಿ ಒಂಬತ್ತರಿಂದ ಹದಿಮೂರು ತೋಳದವರೆಗೂ ಗೆಲುವು ಏರುತ್ತಲೇ ಹೋಯಿತು. ಅಷ್ಟು ಕಷ್ಟದ ಪ್ರಾಣಿ ಎದುರಿಗಿದ್ದಾಗ ಒಂದೊಂದು ತೋಳದ ಸಹಾಯವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತಂಡದ ಗಾತ್ರವನ್ನು ಬೇಟೆ ನೋಡಿ ತೀರ್ಮಾನಿಸಬೇಕು. ಮೊಲಕ್ಕೆ ಒಂದು ತೋಳ ಸಾಕು. ಎಲ್ಕ್‌ಗೆ ನಾಲ್ಕು. ಅದಕ್ಕಿಂತ ದೊಡ್ಡದಕ್ಕೆ ಹಿಂಡೆಲ್ಲ.

ಮ್ಯಾನೇಜರ್ ಬಗೆಯ ಆಟದಲ್ಲಿ ಇದು ನೇರವಾಗಿ ಹೊಟ್ಟೆಯ ಲೆಕ್ಕ. ಎಂಟು ಬೇಟೆಗಾರರಿದ್ದಾರೆ ಅನ್ನಿ. ಎಂಟೂ ಒಟ್ಟಿಗೆ ಹೋದರೆ ಗೆಲುವು ನೂರಕ್ಕೆ 55, ನಾಲ್ಕು ಹೋದರೆ 50 ಅಂತಿಟ್ಟುಕೊಳ್ಳಿ. ಒಂದೇ ತಂಡ ಕಳಿಸಿದರೆ ನೂರು ದಿನಕ್ಕೆ 55 ಬೇಟೆ. ಎರಡು ತಂಡ ಮಾಡಿ ಕಳಿಸಿದರೆ ನೂರು. ಆಟದ ನಿಯಮ ಎಷ್ಟು ತೋಳಕ್ಕೆ ಜಾಗ ಕೊಡುತ್ತದೋ ಅಷ್ಟನ್ನೂ ತುಂಬಲೇಬೇಕು ಅಂತೇನಿಲ್ಲ. ಕೊನೆಯ ಜಾಗಕ್ಕೆ ಹಾಕಿದ ತೋಳ ಎಷ್ಟು ಗೆಲುವು ಕೂಡಿಸಿತು, ಎಷ್ಟು ಶಕ್ತಿ ತಿಂದಿತು ಅಂತ ಒಮ್ಮೆ ತೂಗಿ ನೋಡಿ.

ಎಲ್ಲರೂ ಬೇಟೆಗೆ ಹೋದರೆ ಗವಿಯಲ್ಲಿ ಯಾರಿರುತ್ತಾರೆ ಅನ್ನುವುದೂ ಇದೆ. ವುಲ್ವ್‌ಡೆನ್‌ನಲ್ಲಿ ಮರಿ ನೋಡಿಕೊಳ್ಳುವ ತೋಳ, ಜಾಗ ಹುಡುಕುವ ತೋಳ, ಗಿಡಮೂಲಿಕೆ ತರುವ ತೋಳ ಅಂತ ಬೇರೆ ಹುದ್ದೆಗಳೂ ಇವೆ. ಮೊದಲು ಅವಕ್ಕೆ ಆಳು ತೆಗೆದಿಟ್ಟು, ಉಳಿದವರಲ್ಲಿ ಬೇಟೆ ತಂಡ ಕಟ್ಟಿ. ನಾನು ಉಲ್ಟಾ ಮಾಡಿದ್ದೆ, ಮರಿಗಳನ್ನು ಕಳೆದುಕೊಂಡೆ. ಆ ಬಗ್ಗೆ ಜಾಸ್ತಿ ಹೇಳೋಕೆ ಮನಸ್ಸಿಲ್ಲ.

ನೀವೇ ಓಡುವ ಆಟದಲ್ಲಿ

ಇಲ್ಲಿ ಪಟ್ಟಿ ಇಲ್ಲ, ಹುದ್ದೆಯ ಹೆಸರಿಲ್ಲ. ನಾಲ್ಕು ಜನ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ, ಎಲ್ಲರಿಗೂ ಮೊದಲ ಕಚ್ಚು ತಮ್ಮದೇ ಆಗಬೇಕು. ಆಗ ಏನಾಗುತ್ತದೆ ಅಂದರೆ, ನಾಲ್ಕೂ ತೋಳ ರೈಲು ಡಬ್ಬಿಯ ಹಾಗೆ ಒಂದೇ ಸಾಲಿನಲ್ಲಿ ಎಲ್ಕ್ ಬಾಲದ ಹಿಂದೆ ಓಡುತ್ತವೆ. ಎಲ್ಲರ ಸ್ಟ್ಯಾಮಿನಾ ಒಟ್ಟಿಗೆ ಮುಗಿಯುತ್ತದೆ. ಎಲ್ಕ್ ಹೊಳೆಗೆ ಇಳಿದು ನಿಲ್ಲುತ್ತದೆ.

ಇದಕ್ಕೆ ಮದ್ದು ತುಂಬಾ ಸರಳ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಪ್ಯೂಟರಿನೊಳಗೆ ತೋಳಗಳನ್ನು ಮಾಡಿ ಬಿಟ್ಟರು. ಅವುಗಳಿಗೆ ಕೊಟ್ಟಿದ್ದು ಎರಡೇ ನಿಯಮ. ಮೊದಲನೆಯದು, ಬೇಟೆಯ ಕಡೆ ಹೋಗು, ಅದರ ಒದೆ ತಾಗದಷ್ಟು ದೂರಕ್ಕೆ ಬಂದಾಗ ನಿಲ್ಲು. ಎರಡನೆಯದು, ಆ ದೂರಕ್ಕೆ ಬಂದ ಮೇಲೆ ಅಲ್ಲಿರುವ ಬೇರೆ ತೋಳಗಳಿಂದ ಸರಿದು ನಿಲ್ಲು. ಅಷ್ಟೇ. ನಾಯಕ ಇಲ್ಲ, ಮಾತುಕತೆ ಇಲ್ಲ, ಯೋಜನೆ ಇಲ್ಲ. ಆದರೂ ಆ ತೋಳಗಳು ಬೇಟೆಯನ್ನು ಸುತ್ತುವರಿದವು. ಕೆಲವು ಸಲ ಒಂದು ತೋಳ ಮುಂದೆ ಹೋಗಿ ಅಡ್ಡ ಕಾದಂತೆಯೂ ಕಂಡಿತು, ಯಾರೂ ಹೇಳಿಕೊಡದೆ!

ಈ ಎರಡು ನಿಯಮವನ್ನು ನಿಮ್ಮ ಗೆಳೆಯರಿಗೆ ಹೇಳಿ ನೋಡಿ. ‘ನೀನು ಎಡಕ್ಕೆ, ನೀನು ಬಲಕ್ಕೆ’ ಅಂತ ಕಿರುಚುವುದಕ್ಕಿಂತ ‘ಪಕ್ಕದಲ್ಲಿ ನಮ್ಮ ತೋಳ ಕಂಡರೆ ಸರಿದುಕೋ’ ಅನ್ನುವುದು ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಕ್ ದಿಕ್ಕು ಬದಲಿಸಿದಾಗ ಎಡ ಬಲ ತಲೆಕೆಳಗಾಗುತ್ತವೆ, ಸರಿದುಕೊಳ್ಳುವ ನಿಯಮ ಹಾಗೇ ಉಳಿಯುತ್ತದೆ.

ಒಂದು ಓಟವನ್ನೇ ಹತ್ತಿರದಿಂದ ನೋಡೋಣ. ಬಯಲಿನಲ್ಲಿ ಏಳೆಂಟು ಎಲ್ಕ್ ಮೇಯುತ್ತಿವೆ. ನಾಲ್ವರೂ ನಡೆದೇ ಹತ್ತಿರ ಹೋಗುತ್ತೀರಿ. ಒಬ್ಬರು ಮಾತ್ರ ಗುಂಪಿನ ಕಡೆ ನುಗ್ಗುತ್ತಾರೆ, ಹಿಡಿಯೋಕಲ್ಲ, ಓಡಿಸಿ ನೋಡೋಕೆ. ಉಳಿದ ಮೂವರ ಕೆಲಸ ಕಣ್ಣಿನದು. ಯಾವುದು ತಡವಾಗಿ ಹೊರಟಿತು? ಯಾವುದರ ಹೆಜ್ಜೆ ತಪ್ಪುತ್ತಿದೆ? ಒಬ್ಬರು ಹೇಳುತ್ತಾರೆ, ‘ಕೊನೇದು, ಕುಂಟ್ತಾ ಇದೆ.’ ಅಲ್ಲಿಂದ ಎಲ್ಲರಿಗೂ ಅದೊಂದೇ ಎಲ್ಕ್. ಇಬ್ಬರು ಪೂರ್ತಿ ವೇಗದಲ್ಲಿ ಹಿಂದೆ ಬೀಳುತ್ತಾರೆ. ಇನ್ನಿಬ್ಬರು ಎರಡೂ ಪಕ್ಕದಲ್ಲಿ, ಸ್ವಲ್ಪ ಹಿಂದೆ, ಅರ್ಧ ವೇಗದಲ್ಲಿ ಬರುತ್ತಾರೆ. ಬೆನ್ನಟ್ಟಿದ ಪ್ರಾಣಿ ನೇರವಾಗಿ ಓಡುತ್ತಲೇ ಇರುವುದಿಲ್ಲ, ಎಲ್ಲೋ ತಿರುಗುತ್ತದೆ. ತಿರುಗಿದ ಕೂಡಲೇ ಆ ಪಕ್ಕದಲ್ಲಿದ್ದವರಿಗೆ ದೂರ ಕಡಿಮೆಯಾಗುತ್ತದೆ. ಅವರು ಅಡ್ಡ ಕತ್ತರಿಸಿ ಮುಂದೆ ಬರುತ್ತಾರೆ, ಅವರ ಸ್ಟ್ಯಾಮಿನಾ ಇನ್ನೂ ಉಳಿದಿದೆ. ಹಿಂದೆ ಓಡಿ ದಣಿದವರು ಪಕ್ಕಕ್ಕೆ ಸರಿದು ಉಸಿರು ತೆಗೆದುಕೊಳ್ಳುತ್ತಾರೆ. ಎಲ್ಕ್‌ಗೆ ಮಾತ್ರ ಉಸಿರು ತೆಗೆದುಕೊಳ್ಳೋಕೆ ಪುರುಸೊತ್ತಿಲ್ಲ.

ಕಚ್ಚುವಾಗಲೂ ಒಂದು ಮಾತು. ಗೊರಸಿನ ಎದುರು ಯಾರೂ ನಿಲ್ಲಬೇಡಿ. ಒಬ್ಬರ ಕಡೆ ಅದು ಮುಖ ತಿರುಗಿಸಿದರೆ ಅವರು ಹಿಂದೆ ಸರಿಯಬೇಕು, ಎದುರು ಬದಿಯವರು ಕಚ್ಚಬೇಕು. ಎಲ್ಕ್ ಓಡದೆ ನಿಂತು ಸೆಟೆದು ನೋಡಿತು ಅಂದರೆ ಬಿಟ್ಟುಬಿಡಿ. ಹೀಗೆ ನಿಂತು ಎದುರಿಸುವ ಪ್ರಾಣಿಯ ತಂಟೆಗೆ ನಿಜವಾದ ತೋಳಗಳೂ ಜಾಸ್ತಿ ಹೋಗುವುದಿಲ್ಲ. ಆರೋಗ್ಯ ಕಳೆದುಕೊಳ್ಳುವುದು ಇಂಥ ಹಟದಲ್ಲೇ.

ಮೂರು ಸಲ ಸೋತರೆ ತಂಡ ಒಡೆಯಬೇಡಿ

ಯೆಲ್ಲೊಸ್ಟೋನ್ ತೋಳಗಳು ಎಲ್ಕ್ ಬೇಟೆಗೆ ಐದು ಸಲ ಹೊರಟರೆ ಒಂದು ಸಲ ಗೆದ್ದರೂ ಹೆಚ್ಚು. ಹುಟ್ಟಾ ಬೇಟೆಗಾರರ ಗತಿಯೇ ಹೀಗೆ. ಐದಕ್ಕೆ ಒಂದು ಗೆಲ್ಲುವ ತಂಡ ಸತತ ಮೂರು ಸಲ ಸೋಲುವ ಸಂಭವ ನೂರಕ್ಕೆ 51. ಅಂದರೆ ನಾಣ್ಯ ಚಿಮ್ಮಿದ ಹಾಗೆ. ಸತತ ಹತ್ತು ಸಲ ಸೋಲುವುದೂ ನೂರಕ್ಕೆ ಸುಮಾರು 11 ಸಲ ಆಗುತ್ತದೆ. ತಂಡದಲ್ಲಿ ಏನೂ ದೋಷ ಇಲ್ಲದೆಯೂ! ನಾನು ಮಾತ್ರ ಎರಡು ಸೋಲಿಗೇ ತಂಡವನ್ನು ಪೂರ್ತಿ ಬದಲಿಸುತ್ತಿದ್ದೆ. ಹೊಸ ತಂಡ ಮೊದಲ ಸಲವೇ ಗೆದ್ದರೆ ‘ನೋಡಿ, ಬದಲಿಸಿದ್ದಕ್ಕೇ’ ಅಂದುಕೊಳ್ಳುತ್ತಿದ್ದೆ.

ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ ತೋಳ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಬದಲಿಸಿದ ಮೇಲೆ ಹತ್ತಿಪ್ಪತ್ತು ಬೇಟೆ ಹಾಗೇ ಬಿಡಿ.

ಗೆಲುವು ಸೋಲು ಎಣಿಸುವುದಕ್ಕಿಂತ ಬೇಟೆ ಎಲ್ಲಿ ಮುರಿಯಿತು ಅಂತ ಬರೆದಿಡುವುದು ಜಾಸ್ತಿ ಉಪಯೋಗಕ್ಕೆ ಬಂತು. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಬೇಟೆಗೆ ಒಂದೇ ಸಾಲು. ಯಾವ ಪ್ರಾಣಿ, ಯಾರು ಯಾರು ಹೋದರು, ಕೊನೆಗೆ ಒಂದು ಪದ: ‘ಸಿಗಲಿಲ್ಲ’, ‘ಬೆದರಿತು’, ‘ಓಡಿಹೋಯಿತು’, ‘ಕೊಸರಿಕೊಂಡಿತು’. ಸುಳಿವೇ ಸಿಗದಿದ್ದರೆ ಹುಡುಕಾಟದ ತೊಂದರೆ, ಹತ್ತಿರ ಹೋಗುವ ಮೊದಲೇ ಬೆದರಿದರೆ ಹೊಂಚಿನದು, ಅಟ್ಟಿದರೂ ಕೈಗೆ ಸಿಗದಿದ್ದರೆ ಓಟದ್ದು, ಹಿಡಿದ ಮೇಲೆ ಕೊಸರಿಕೊಂಡರೆ ಬಲದ್ದು. ಹದಿನೈದು ದಿನ ಆದಮೇಲೆ ಆ ಕೊನೆಯ ಕಲಂ ಮೇಲೆ ಬೆರಳಾಡಿಸಿದೆ. ಅರ್ಧಕ್ಕಿಂತ ಜಾಸ್ತಿ ಸಾಲುಗಳ ಎದುರು ‘ಬೆದರಿತು’ ಅಂತ ಇತ್ತು. ‘ಕೊಸರಿಕೊಂಡಿತು’ ಒಂದೇ ಒಂದು ಸಲ. ಐದು ಪೈಲ್ವಾನರಲ್ಲಿ ಎರಡನ್ನು ಅವತ್ತೇ ಗವಿಗೆ ಕಳಿಸಿ, ಬಲದ ಪಟ್ಟಿಯ ತೀರಾ ಕೆಳಗಿದ್ದ ಒಂದು ಸಣಕಲು ಹೆಣ್ಣು ತೋಳವನ್ನು ಹೊಂಚಿಗೆ ಹಾಕಿದೆ. ಇನ್ನೊಂದು ಜಾಗವನ್ನು ಖಾಲಿಯೇ ಬಿಟ್ಟೆ.